ನಂಜನಗೂಡಿನ ಕಾರ್ಖಾನೆಯೂ ಬ್ಯಾಡಗಿಯ ಕಣವೂ

ಮ್ಯಾಗಿ ಎಂಬ ಹೆಸರಿನ ದಿಢೀರ್ ಶ್ಯಾವಿಗೆಯನ್ನು ಕಾಣದ ಊರು ಈಗ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲೂಕುಗಳಲ್ಲಿ ವಿರಳವು. ಶಾಲೆಗೆ ಹೊರಡುವ ಮಗುವಿನ ತಟ್ಟೆಯಿಂದ ಹಿಡಿದು ಬಸ್ಸು ನಿಲ್ಲುವ ಎಡೆಯ ಚಹದ ಅಂಗಡಿಯವರೆಗೆ ಅದು ಹಬ್ಬಿರುತ್ತದೆ. ಬೇಸಗೆಯಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳು ಗೋದಿಯ ಹಿಟ್ಟನ್ನು ನಾದಿ ಹೊಸೆದು ಬಿಸಿಲಿಗೆ ಹಾಕುವ ಶ್ಯಾವಿಗೆಗೂ ಇದಕ್ಕೂ ಮೂಲಧಾನ್ಯವೊಂದೇ. ಕಾರ್ಖಾನೆಯಲ್ಲಿ ಮಾತ್ರ ಹಿಟ್ಟನ್ನು ಹಾಳೆಯಾಗಿ ಲಟ್ಟಿಸಿ, ಎಳೆಯಾಗಿ ಕತ್ತರಿಸಿ, ಹಬೆಯಲ್ಲಿ ಬೇಯಿಸಿ, ಎಣ್ಣೆಯಲ್ಲಿ ಕರಿಯುವುದರಿಂದ ಅಡಿಗೆಯ ಬಹುಭಾಗವು ಮೊದಲೇ ಮುಗಿದಿರುತ್ತದೆ. ಸಂಗಡ ಒಂದು ಚಿಕ್ಕ ಮಸಾಲೆಯ ಪೊಟ್ಟಣವನ್ನಿಡುವರು.

ಇಷ್ಟು ಮನೆಮಾತಾದ ಪದಾರ್ಥವು 2015ನೆಯ ಇಸವಿಯಲ್ಲಿ ಐದು ತಿಂಗಳ ಕಾಲ ದೇಶದ ಅಂಗಡಿಗಳಿಂದ ಪೂರ್ಣವಾಗಿ ಮರೆಯಾಗಿ, ಅನಂತರ ಮತ್ತೆ ಬಂದು ನೆಲೆನಿಂತಿತು. ಆ ವೃತ್ತಾಂತವು ವ್ಯಾಪಾರಸ್ಥರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಭಾವಿಸಲಾಗದು. ಕಾರ್ಖಾನೆಗೆ ಗೋದಿಯೂ ಮೆಣಸಿನಕಾಯಿಯೂ ಹೋಗುವುದು ಒಕ್ಕಲಿಗನ ಹೊಲದಿಂದಲೇ ಆದಕಾರಣ, ಅಲ್ಲಿ ಬಿದ್ದ ಪೆಟ್ಟಿನ ನೋವು ಒಂದಿಲ್ಲೊಂದು ದಿನ ಇಲ್ಲಿಗೂ ಮುಟ್ಟತಕ್ಕದ್ದೇ.

ಈ ಶ್ಯಾವಿಗೆಯನ್ನು ಮಾಡುವ ನೆಸ್ಲೆ ಮಂಡಳಿಯು ಮೂಲತಃ ಸ್ವಿಟ್ಜರ್‌ಲೆಂಡಿನದು. ಭಾರತದಲ್ಲಿ ಅದರ ಮೊದಲನೆಯ ಕಾರ್ಖಾನೆಯು 1961ರಲ್ಲಿ ಪಂಜಾಬದ ಮೋಗಾದಲ್ಲಿ ಹಾಲನ್ನು ಆಧರಿಸಿ ನಿಂತಿತು. ನಮ್ಮ ರಾಜ್ಯದ ನಂಜನಗೂಡಿನಲ್ಲಿ 1989ರಲ್ಲಿ ಕಾರ್ಖಾನೆಯಾಯಿತು. ಕಾಫಿಪುಡಿಯೂ ಶ್ಯಾವಿಗೆಯೂ ಅಲ್ಲಿ ತಯಾರಾಗುತ್ತವೆ. ದಿಢೀರ್ ಆಹಾರದ ಉದ್ಯಮವು ಕನ್ನಡ ನಾಡಿಗೆ ಪರಕೀಯವೆಂದೂ ಅಲ್ಲ. 1924ರಲ್ಲಿ ಮೈಯ ಸಹೋದರರು ಬೆಂಗಳೂರಿನಲ್ಲಿ ತೆರೆದು, ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಫಲಹಾರ ಮಂದಿರವು, 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರಗಳನ್ನು ಸರಕಾರವು ಬಿಗಿಹಿಡಿದಾಗ ಹಿಟ್ಟುಗಳ, ಪುಡಿಗಳ ಪೊಟ್ಟಣಗಳನ್ನು ಮಾರತೊಡಗಿದ್ದು ಹಿರಿಯರಿಗೆ ನೆನಪಿರಬಹುದು.

ಇನ್ನು ಪ್ರಕೃತ ವಿಷಯ. 2014ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿಯ ಒಂದು ಅಂಗಡಿಯಿಂದ ಆಹಾರ ನಿರೀಕ್ಷಕರು ಮ್ಯಾಗಿಯ ಕೆಲವು ಪೊಟ್ಟಣಗಳನ್ನು ಪರೀಕ್ಷೆಗಾಗಿ ಒಯ್ದರು. ಹೊದಿಕೆಯ ಮೇಲೆ ‘ಮೋನೋಸೋಡಿಯಂ ಗ್ಲುಟಮೇಟ್ ಸೇರಿಸಿಲ್ಲ’ ಎಂದು ಅಚ್ಚಾಗಿತ್ತು. ಗೋರಖಪುರದ ಪ್ರಯೋಗಶಾಲೆಯಲ್ಲಿ ಆ ವಸ್ತುವಿನ ಅಂಶವು ಕಂಡುಬಂದಿತು. ಮಂಡಳಿಯವರು ಒಪ್ಪದ್ದರಿಂದ ಮಾದರಿಯು ಕಲಕತ್ತೆಯ ಕೇಂದ್ರ ಪ್ರಯೋಗಶಾಲೆಗೆ ಹೋಯಿತು. ಅಲ್ಲಿಯ ವರದಿಯು ಹೊಸದೊಂದು ಆಪತ್ತನ್ನೇ ತಂದಿತು. ಸೀಸದ ಅಂಶವು ದಶಲಕ್ಷಕ್ಕೆ 17.2 ಭಾಗವಿದೆಯೆಂದು ಅದರಲ್ಲಿ ಬರೆದಿತ್ತು. ಕಾಯಿದೆಯು ಒಪ್ಪುವುದು 2.5 ಭಾಗ ಮಾತ್ರ. ಸೀಸವು ಸಣ್ಣ ಮಕ್ಕಳ ಮೆದುಳಿಗೂ ನರಗಳಿಗೂ ಕೇಡುಮಾಡುವ ಲೋಹವು. ತಾಯಂದಿರು ಭಯಪಟ್ಟದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗ್ಲುಟಮೇಟ್ ಎಂಬುದು ಗೋದಿಯಲ್ಲಿಯೂ ಟೊಮೇಟೊದಲ್ಲಿಯೂ ಸ್ವಭಾವತಃ ಇರುವ ಅಂಶ. ಪರೀಕ್ಷೆಯಲ್ಲಿ ಕಂಡದ್ದು ಹೊರಗಿನಿಂದ ಹಾಕಿದ್ದೋ ಧಾನ್ಯದ್ದೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಹಾಗಿದ್ದಮೇಲೆ ‘ಸೇರಿಸಿಲ್ಲ’ವೆಂಬ ಮಾತನ್ನು ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ ಏಕೆ ಅಚ್ಚುಹಾಕಿಸಬೇಕಿತ್ತು? ಗಿರಾಕಿಯನ್ನು ಸೆಳೆಯಲು ಬರೆದ ಒಂದು ಸಾಲೇ ನಿರೀಕ್ಷಕನನ್ನೂ ಸೆಳೆಯಿತು. ಮಂಡಳಿಯ ಎರಡನೆಯ ತಪ್ಪು ಮೌನದ್ದು. ಪತ್ರಿಕೆಗಳಲ್ಲಿ ದಿನಕ್ಕೊಂದು ಸುದ್ದಿ ಬರುತ್ತಿದ್ದಾಗ, ತಮ್ಮ ಸ್ವಂತ ಪರೀಕ್ಷೆಗಳಲ್ಲಿ ದೋಷವಿಲ್ಲವೆಂದು ಹೇಳಿ ಕುಳಿತದ್ದು ಜನರ ಸಂಶಯವನ್ನು ಬೆಳೆಸಿತೇ ಹೊರತು ಕಳೆಯಲಿಲ್ಲ. 2015ರ ಜೂನ್ 5ರಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು ಮ್ಯಾಗಿಯ ಒಂಬತ್ತು ಬಗೆಗಳನ್ನೂ ಹಿಂತೆಗೆಯಬೇಕೆಂದು ಅಪ್ಪಣೆಮಾಡಿತು.

ಹಿಂತೆಗೆಯುವುದೆಂದರೆ ಸಾಮಾನ್ಯ ಕೆಲಸವಲ್ಲ. ದೇಶದ ಮೂಲೆಮೂಲೆಯ ಅಂಗಡಿಗಳಿಂದ ಪೊಟ್ಟಣಗಳನ್ನು ಮರಳಿ ತರಿಸಿ, ಎಣಿಸಿ, ಲಾರಿಗಳಲ್ಲಿ ತುಂಬಿ, ಸಿಮೆಂಟು ಕಾರ್ಖಾನೆಗಳ ಕುಲುಮೆಗಳಲ್ಲಿ ಸುಡಿಸಿದರು. ಆ ವರ್ಷದ ಸಪ್ಟಂಬರದ ಹೊತ್ತಿಗೇ ಬೂದಿಯಾದ ಮಾಲು 30,000 ಟನ್ನಿನ ಆಸುಪಾಸಿನಲ್ಲಿತ್ತು. ಹಿಂತೆಗೆದ ಸರಕಿನ ಬೆಲೆಯೇ 320 ಕೋಟಿ ರೂಪಾಯಿಯೆಂದು ಮಂಡಳಿಯು ಮೊದಲಿಗೆ ಅಂದಾಜುಮಾಡಿತು. ಏಪ್ರಿಲ್‌ನಿಂದ ಜೂನ್ ವರೆಗಿನ ಮೂರು ತಿಂಗಳ ಲೆಕ್ಕದಲ್ಲಿ 64.40 ಕೋಟಿ ರೂಪಾಯಿ ನಷ್ಟವಾಯಿತು. ಹಿಂದಿನ ವರ್ಷದ ಅದೇ ಅವಧಿಯಲ್ಲಿ 287 ಕೋಟಿಗೂ ಮಿಕ್ಕ ಲಾಭವಿತ್ತು. ಮಂಡಳಿಯ ಮಾರಾಟದ ಕಾಲುಭಾಗದ ಆಸುಪಾಸು ಈ ಒಂದೇ ಪದಾರ್ಥದಿಂದ ಬರುತ್ತಿದ್ದುದರಿಂದ ಪೆಟ್ಟು ಇಷ್ಟು ಬಲವಾಗಿ ಬಿದ್ದಿತು. ಇಡೀ ಜಮೀನಿಗೆ ಗೋವಿನಜೋಳವೊಂದನ್ನೇ ಬಿತ್ತಿ, ಸೈನಿಕ ಹುಳು ಬಿದ್ದ ವರ್ಷ ತಲೆಯ ಮೇಲೆ ಕೈಯಿಟ್ಟು ಕುಳಿತ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ, 2015ರ ಆಗಸ್ಟ್ 1ರಿಂದ, ಶ್ರೀ ಸುರೇಶ ನಾರಾಯಣನ್ ಎಂಬವರು ಭಾರತದ ಮಂಡಳಿಯ ಮುಖ್ಯಾಧಿಕಾರವನ್ನು ವಹಿಸಿಕೊಂಡರು. ಅದಕ್ಕೆ ಮೊದಲು ಅವರು ಇದೇ ಮಂಡಳಿಯ ಫಿಲಿಪೈನ್ಸ್ ದೇಶದ ವ್ಯವಹಾರವನ್ನು ನೋಡುತ್ತಿದ್ದರು. 2011ರಲ್ಲಿ ಈಜಿಪ್ಟಿನಲ್ಲಿ ರಾಜ್ಯಕ್ರಾಂತಿಯಾದಾಗಲೂ ಅಲ್ಲಿಯ ಕಾರಭಾರ ಅವರ ಮೇಲಿತ್ತು. ಬಹು ವರ್ಷಗಳ ಮೇಲೆ ಭಾರತೀಯರೊಬ್ಬರು ಆ ಪೀಠಕ್ಕೆ ಬಂದದ್ದು ಅದೇ ಮೊದಲು.

ಅವರು ಮಾಡಿದ ಕೆಲಸಗಳಲ್ಲಿ ಚಮತ್ಕಾರವೇನೂ ಕಾಣುವುದಿಲ್ಲ. ಮನೆಯ ಯಜಮಾನನು ಬರಗಾಲದಲ್ಲಿ ಆಳುಕಾಳುಗಳನ್ನು ಹೊರಗಟ್ಟದೆ ಕಾಪಾಡುವಂತೆ, ಮಾರುವ ಮಾಲಿಲ್ಲದ ಆ ತಿಂಗಳುಗಳಲ್ಲಿ ಮಂಡಳಿಯ ನೌಕರರನ್ನು ಉಳಿಸಿಕೊಂಡರು. ಖಾಲಿ ಉಗ್ರಾಣವನ್ನಿಟ್ಟುಕೊಂಡು ಕುಳಿತಿದ್ದ ಸಗಟು ವ್ಯಾಪಾರಿಗಳನ್ನೂ ನೌಕರರನ್ನೂ ಕಂಡು ಮಾತಾಡಿದರು. ಸರಕಾರದ ಸಂಗಡ ಪತ್ರಿಕೆಗಳಲ್ಲಿ ವಾದಕ್ಕಿಳಿಯಲಿಲ್ಲ. ನ್ಯಾಯಾಲಯದಲ್ಲಿ ವ್ಯಾಜ್ಯವು ಅವರು ಬರುವ ಮೊದಲೇ ಹೂಡಲ್ಪಟ್ಟಿತ್ತು. ಅದು ತನ್ನ ದಾರಿಯಲ್ಲಿ ನಡೆಯಲೆಂದು ಬಿಟ್ಟು, ಪರೀಕ್ಷೆಯೊಂದರ ಮೇಲೆಯೇ ಭಾರಹಾಕಿದರು.

ಆಗಸ್ಟ್ 13ರಂದು ಮುಂಬಯಿಯ ಉಚ್ಚ ನ್ಯಾಯಾಲಯವು ನಿಷೇಧಾಜ್ಞೆಯನ್ನು ರದ್ದುಮಾಡಿತು. ಮಂಡಳಿಯ ಅಹವಾಲನ್ನು ಕೇಳದೆ ಅಪ್ಪಣೆ ಹೊರಟದ್ದು ನ್ಯಾಯಸಮ್ಮತವಲ್ಲವೆಂದೂ, ಪರೀಕ್ಷೆ ನಡೆದ ಪ್ರಯೋಗಶಾಲೆಗಳಿಗೆ ತಕ್ಕ ಮಾನ್ಯತೆಯಿರಲಿಲ್ಲವೆಂದೂ ತೀರ್ಪಿನಲ್ಲಿ ಹೇಳಿತು. ಆದರೂ ಒಡನೆಯೇ ಮಾರಲು ಬಿಡಲಿಲ್ಲ. ಮೋಹಾಲಿ, ಜಯಪುರ, ಹೈದರಾಬಾದುಗಳ ಮೂರು ಮಾನ್ಯ ಪ್ರಯೋಗಶಾಲೆಗಳಲ್ಲಿ ಹಳೆಯ ಮಾಲನ್ನು ಪರೀಕ್ಷಿಸಬೇಕು. ಅದು ಶುದ್ಧವೆಂದು ಬಂದಮೇಲೆ ಹೊಸದಾಗಿ ತಯಾರಿಸಿ, ಆ ಹೊಸ ಮಾಲನ್ನೂ ಅದೇ ಪ್ರಯೋಗಶಾಲೆಗಳಿಗೆ ಕಳಿಸಬೇಕು ಎಂದು ವಿಧಿಸಿತು. ಅಕ್ಟೋಬರದಲ್ಲಿ 90 ಮಾದರಿಗಳ ವರದಿ ಬಂದು, ಎಲ್ಲದರಲ್ಲಿಯೂ ಸೀಸವು ಮಿತಿಯೊಳಗೇ ಇತ್ತು. ಆ ತಿಂಗಳ 26ರಂದು ನಂಜನಗೂಡು, ಮೋಗಾ, ಗೋವೆಯ ಬಿಚೋಲಿಗಳಲ್ಲಿ ಕಾರ್ಖಾನೆಗಳು ಮತ್ತೆ ಶ್ಯಾವಿಗೆ ತೆಗೆಯತೊಡಗಿದವು. ಹೊಸ ಮಾದರಿಗಳೂ ತೇರ್ಗಡೆಯಾಗಲು, ನವಂಬರ್ 9ರಂದು, ದೀಪಾವಳಿಯ ಸಮಯಕ್ಕೆ ಸರಿಯಾಗಿ, ಮಾಲು ಪೇಟೆಗೆ ಬಂದಿತು. ‘ಸೇರಿಸಿಲ್ಲ’ವೆಂಬ ಆ ಸಾಲು ಹೊಸ ಹೊದಿಕೆಯ ಮೇಲೆ ಇರಲಿಲ್ಲ.

ಪೇಟೆಯಲ್ಲಿ ಮೊದಲು ಮುಕ್ಕಾಲು ಪಾಲನ್ನು ಹಿಡಿದಿದ್ದ ಮ್ಯಾಗಿಯು ಸೊನ್ನೆಯಿಂದ ಹೊರಟು ಎರಡು ವರ್ಷಗಳೊಳಗೆ ಶೇಕಡಾ 60ರಷ್ಟನ್ನು ಮತ್ತೆ ಗಳಿಸಿತು. ಹಳೆಯ ಮಟ್ಟವನ್ನು ಅಷ್ಟರಲ್ಲಿ ಮುಟ್ಟಲಿಲ್ಲವೆಂಬುದನ್ನೂ ಗಮನಿಸತಕ್ಕದ್ದು. ಬಿಟ್ಟುಹೋದ ಗಿರಾಕಿಗಳಲ್ಲಿ ಕೆಲವರು ಬೇರೆ ಅಂಗಡಿಯ ಹಾದಿ ಹಿಡಿದಿದ್ದರು. ಒಂದೇ ಪದಾರ್ಥವನ್ನು ನೆಚ್ಚಿ ನಿಂತದ್ದರ ಕಷ್ಟವನ್ನು ಕಂಡಿದ್ದ ನಾರಾಯಣನ್ನರು 2016ರಿಂದಾಚೆಗೆ ಹೊಸ ಹೊಸ ತಯಾರಿಕೆಗಳನ್ನು ಹೊರತಂದರು. ಹತ್ತು ವರ್ಷ ಆ ಅಧಿಕಾರದಲ್ಲಿದ್ದು 2025ರ ಜುಲೈ ಕೊನೆಗೆ ನಿವೃತ್ತರಾದರು.

ವ್ಯಾಜ್ಯವು ಮಾತ್ರ ಬೇಗನೆ ಮುಗಿಯಲಿಲ್ಲ. ಸುಮಾರು 640 ಕೋಟಿ ರೂಪಾಯಿಯ ಪರಿಹಾರವನ್ನು ಕೇಳಿ ಕೇಂದ್ರ ಸರಕಾರವು ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ದಾವೆ ಹೂಡಿತ್ತು. ಆ ಸಂಬಂಧದಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾದರಿಗಳನ್ನು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯಕ್ಕೆ ಕಳಿಸಿತು. 1950ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಮಾತಿಗೆ ಎರಡು ಪಕ್ಷದವರೂ ಕಿವಿಗೊಡಬೇಕಾಯಿತು. ಸೀಸವು ಮಿತಿಯೊಳಗಿದೆಯೆಂದು ಮೈಸೂರಿನ ವರದಿಯು ತಿಳಿಸಿತು. 2024ರ ಏಪ್ರಿಲ್ ತಿಂಗಳಲ್ಲಿ ಆಯೋಗವು ದಾವೆಯನ್ನು ವಜಾಮಾಡಿತು.

ಈಗ ಬ್ಯಾಡಗಿಯ ಕಣದ ಕಡೆಗೆ ತಿರುಗಬಹುದು. ಮ್ಯಾಗಿಯ ಮಂಡಳಿಗೆ ವಕೀಲರಿದ್ದರು, ಸುಟ್ಟ ಮಾಲಿನ ನಷ್ಟವನ್ನು ತಾಳುವ ಹಣವಿದ್ದಿತು, ಮೂರು ಊರುಗಳಲ್ಲಿ ಪರೀಕ್ಷೆ ಮಾಡಿಸುವ ಶಕ್ತಿಯಿತ್ತು. ಹತ್ತು ಚೀಲ ಮೆಣಸಿನಕಾಯಿ ತಂದ ಒಕ್ಕಲಿಗನಿಗೆ ಇವು ಯಾವುವೂ ಇಲ್ಲ. ಪುಡಿ ಮಾಡುವ ಕಾರ್ಖಾನೆಯವರು ಮಾದರಿ ನೋಡಿ ಒಲ್ಲೆನೆಂದರೆ ಅಲ್ಲಿಗೆ ಕಥೆ ಮುಗಿಯಿತು. ಏಕೆಂದು ಕೇಳಲು ನ್ಯಾಯಾಲಯವಿಲ್ಲ, ಎರಡನೆಯ ಪರೀಕ್ಷೆಯೂ ಇಲ್ಲ.

ಬ್ಯಾಡಗಿಯ ಕಾಯಿಯು ಖಾರದಲ್ಲಿ ಸೌಮ್ಯವಾಗಿ ಬಣ್ಣದಲ್ಲಿ ಗಾಢವಾದದ್ದು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಡ್ಡಿಯಾಗಲಿ ಡಬ್ಬಿಯಾಗಲಿ, ಸುಕ್ಕುಗಟ್ಟಿದ ಸಿಪ್ಪೆಯೊಳಗಿನ ಆ ಬಣ್ಣಕ್ಕಾಗಿಯೇ ಮಸಾಲೆಯವರೂ, ಬಣ್ಣದ ತೈಲರಸವನ್ನು ತೆಗೆಯುವವರೂ ಇದನ್ನು ಕೊಳ್ಳುವರು. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ‘ಸುಡಾನ್’ ಎಂಬ ಬಟ್ಟೆಬಣ್ಣದಂಥ ರಾಸಾಯನಿಕವನ್ನು ಯುರೋಪಿನವರು ಕಂಡುಹಿಡಿದರು. 2005ರಲ್ಲಿ ಅದೇ ಬಣ್ಣ ಬೆರೆತ ಪುಡಿಯ ನಿಮಿತ್ತ ಬ್ರಿಟನ್ನಿನಲ್ಲಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಬೆರಸಿದವನು ಒಕ್ಕಲಿಗನಲ್ಲ, ಆದರೆ ಆ ಮೇಲೆ ಪರದೇಶಕ್ಕೆ ಹೋಗುವ ಮೆಣಸಿನಕಾಯಿಯೆಲ್ಲವೂ ಸಂಶಯದ ಕಣ್ಣಿಗೆ ಗುರಿಯಾಯಿತು.

ಒಕ್ಕಲಿಗನ ಕೈಯಲ್ಲಿರುವ ದೋಷಗಳು ಮುಖ್ಯವಾಗಿ ಎರಡು. ಒಂದು ಬೂಷ್ಟು. ಸರಿಯಾಗಿ ಒಣಗದ ಕಾಯಿಯನ್ನು ಚೀಲದಲ್ಲಿ ತುಂಬಿದರೆ ಒಳಗೆ ಬೂಷ್ಟು ಬೆಳೆದು, ಅಫ್ಲಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುತ್ತದೆ. ಇದು ಯಕೃತ್ತಿಗೆ ಬಹು ಕೇಡಿನದು. ಕುದಿಸಿದರೂ ಹುರಿದರೂ ಪೂರ್ತಿಯಾಗಿ ನಾಶವಾಗದು. ಯುರೋಪಿನವರು ಒಪ್ಪುವ ಮಿತಿಯು ಒಂದು ಸಾವಿರ ಕಿಲೋ ಮೆಣಸಿನಕಾಯಿಗೆ 10 ಮಿಲಿಗ್ರಾಂ ಮಾತ್ರ. ಹಿಡಿಯಷ್ಟು ಕೊಳೆತ ಕಾಯಿ ಸೇರಿದರೂ ಇಡೀ ರಾಶಿ ಕೆಡಬಹುದೆಂಬುದು ಇದರಿಂದ ಸ್ಪಷ್ಟವಾಗುವುದು. ಆದುದರಿಂದ ಮಣ್ಣಿನ ನೆಲದ ಮೇಲೆ ಹರವುವುದನ್ನು ಬಿಟ್ಟು ಸಿಮೆಂಟಿನ ಕಣದಲ್ಲಾಗಲಿ ತಾಡಪತ್ರಿಯ ಮೇಲಾಗಲಿ ತೆಳ್ಳಗೆ ಹರವಿ ಒಣಗಿಸತಕ್ಕದ್ದು. ಸಂಜೆಗೆ ಇಬ್ಬನಿ ಬೀಳುವ ಮೊದಲು ರಾಶಿಮಾಡಿ ಮುಚ್ಚತಕ್ಕದ್ದು. ತೇವವು ನೂರಕ್ಕೆ ಹತ್ತು ಹನ್ನೊಂದರ ಮಟ್ಟಕ್ಕಿಳಿದ ಮೇಲೆಯೇ ಚೀಲಕ್ಕೆ ತುಂಬತಕ್ಕದ್ದು. ಬಿಳಿಚಿದ, ಕೊಳೆತ, ಹುಳುಕು ಕಾಯಿಗಳನ್ನು ಆರಿಸಿ ಬೇರೆ ಇಡಬೇಕು. ತೂಕ ಬರಲೆಂದು ಪೇಟೆಗೆ ಸಾಗಿಸುವ ಮುಂಚೆ ನೀರು ಚಿಮುಕಿಸುವ ದುರಭ್ಯಾಸವು ಕೆಲವೆಡೆ ಇದ್ದೇ ಇದೆ. ನಾಲ್ಕು ಕಿಲೋ ತೂಕದ ಆಸೆಗೆ ಚೀಲಕ್ಕೆ ಚೀಲವೇ ಬೂಷ್ಟಿಗೆ ಬಲಿಯಾಗುವುದು; ಶೀತಲಗೃಹದಲ್ಲಿಟ್ಟರೂ ಒದ್ದೆ ಕಾಯಿಯು ಒದ್ದೆಯೇ.

ಎರಡನೆಯದು ಔಷಧದ ಶೇಷ. 2021-22ರ ಹಂಗಾಮಿನಲ್ಲಿ ಹೊಸ ಜಾತಿಯ ಥ್ರಿಪ್ಸ್ ನುಸಿಯು ಹೂವಿನಲ್ಲಿಯೇ ಸೇರಿಕೊಂಡು ಮೆಣಸಿನ ಹೊಲಗಳನ್ನು ಹಾಳುಮಾಡಿದಾಗ, ಅಂಗಡಿಯವನು ಕೊಟ್ಟ ಔಷಧಗಳನ್ನೆಲ್ಲ ಬೆರಸಿ ಸಿಂಪಡಿಸಿದವರು ಬಹುಮಂದಿ. ಕೈಗೆ ಬಂದ ಬೆಳೆ ಕಣ್ಣೆದುರಿಗೆ ಹೋಗುತ್ತಿರುವಾಗ ಅವರನ್ನು ದೂರುವುದು ಸುಲಭವಲ್ಲ. ಆದರೆ ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂಬುದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಓದಿಸಿಕೊಂಡು, ಯಾವ ಹೊಲಕ್ಕೆ ಯಾವ ದಿನ ಯಾವ ಔಷಧ ಎಷ್ಟು ಹೊಡೆದದ್ದೆಂದು ಒಂದು ವಹಿಯಲ್ಲಿ ಬರೆದಿಟ್ಟರೆ, ಕೊಳ್ಳುವವನು ಕೇಳಿದಾಗ ತೋರಿಸಲು ಆಧಾರವಿರುತ್ತದೆ. ಒಂದು ಊರಿನ ಪ್ರಮುಖರು ಮುಂದಾಗಿ ಹತ್ತಿಪ್ಪತ್ತು ಮನೆಗಳ ಕಾಯಿಯನ್ನು ಒಂದೇ ಕ್ರಮದಲ್ಲಿ ಒಣಗಿಸಿ, ಒಂದೇ ಗುರುತಿನ ಚೀಲಗಳಲ್ಲಿ ತುಂಬಿಸಿದರೆ, ಪರೀಕ್ಷೆಯ ವೆಚ್ಚವನ್ನೂ ಹಂಚಿಕೊಳ್ಳಲು ಬರುವುದು. ಒಬ್ಬೊಬ್ಬರೇ ಹೊರಲಾರದ ಖರ್ಚು ಅದು.

ಮೆಣಸಿನ ಹೊಸ ಹಂಗಾಮು ಆರಂಭವಾಗುವ ಮೊದಲು ಕಣಗಳನ್ನು ದುರಸ್ತಿಮಾಡಿಸಿಕೊಳ್ಳಲಿಚ್ಛಿಸುವವರೂ, ಒಣಗಿಸುವ ಮತ್ತು ಸಿಂಪಡಿಸುವ ಕ್ರಮವನ್ನು ಪ್ರತ್ಯಕ್ಷ ತಿಳಿಯಬಯಸುವವರೂ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ವಿಚಾರಿಸಬಹುದು. ಬರುವಾಗ ಹಿಂದಿನ ಬೆಳೆಯ ಒಂದು ಹಿಡಿ ಕಾಯಿಯನ್ನು, ಆರಿಸದೆ, ಚೀಲದಲ್ಲಿದ್ದ ಹಾಗೆಯೇ ತರುವುದು ಒಳ್ಳೆಯದು.