ರಿಮೋಟಿನ ಆಜ್ಞೆಗೆ ಉತ್ತರ ದೊರೆತ ಬಗೆ

ಮನೆಯ ದೀಪ, ಫ್ಯಾನು, ಟಿ.ವಿ., ಸ್ಪೀಕರುಗಳನ್ನೆಲ್ಲ ಒಂದೇ ಹಿಡಿತಕ್ಕೆ ತಂದು, ಒಂದು ಸ್ಪರ್ಶದಿಂದಲೋ ಬಾಯಿಮಾತಿನಿಂದಲೋ ನಡೆಸುವ ಏರ್ಪಾಡಿಗೆ ಗೃಹ ಸ್ವಯಂಚಾಲನೆ ಎಂದು ಹೆಸರು. ದೀಪವನ್ನು ಈ ಏರ್ಪಾಡಿಗೆ ಒಗ್ಗಿಸುವುದು ಸುಲಭ. ಅದಕ್ಕೆ ಮುಖ್ಯವಾಗಿ ಉರಿಯುವುದು, ಆರುವುದು ಎಂಬ ಎರಡೇ ಸ್ಥಿತಿಗಳಿವೆ. ಟಿ.ವಿ. ಮತ್ತು ಧ್ವನಿ ಉಪಕರಣಗಳು ಮಾತ್ರ ಬಹುಕಾಲ ಇದಕ್ಕೆ ಮಣಿಯಲಿಲ್ಲ. ಅವುಗಳ ರಿಮೋಟಿಗೆ ಆಜ್ಞೆ ಮಾಡುವುದು ತಿಳಿದಿತ್ತೇ ಹೊರತು ಆ ಆಜ್ಞೆ ನೆರವೇರಿತೋ ಇಲ್ಲವೋ ಎಂದು ಕೇಳಿ ತಿಳಿಯುವ ಕಿವಿ ಇರಲಿಲ್ಲ. ಆ ಕಿವಿ ಮೂಡಿದ ಬಗೆಯೇ ಈ ತಂತ್ರಜ್ಞಾನದ ನಿಜವಾದ ಇತಿಹಾಸ.

ಅಮೆರಿಕದ ಜೆನಿತ್ ಕಂಪನಿಯು 1950ರಲ್ಲಿ ಮಾರುಕಟ್ಟೆಗೆ ತಂದ ‘ಲೇಜಿ ಬೋನ್ಸ್’ ಎಂಬ ಸಾಧನವು ತಂತಿಯ ಮೂಲಕ ಟಿ.ವಿ.ಗೆ ಜೋಡಣೆಗೊಂಡಿತ್ತು. 1955ರಲ್ಲಿ ಅದೇ ಕಂಪನಿಯ ಯೂಜಿನ್ ಪೊಲ್ಲಿ ತಂತಿಯನ್ನು ತೊಡೆದುಹಾಕಿ, ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗ್ರಹಿಸುವ ದ್ಯುತಿಕೋಶಗಳನ್ನಿರಿಸಿ, ಅವುಗಳ ಮೇಲೆ ಟಾರ್ಚಿನಂಥ ಸಾಧನದಿಂದ ಬೆಳಕು ಬೀರುವ ‘ಫ್ಲ್ಯಾಶ್‌ಮ್ಯಾಟಿಕ್’ ವಿಧಾನವನ್ನು ರೂಪಿಸಿದರು. ಆದರೆ ಕಿಟಕಿಯಿಂದ ಬಿದ್ದ ಬಿಸಿಲನ್ನೂ ಟಿ.ವಿ. ಆಜ್ಞೆಯೆಂದೇ ಭಾವಿಸುತ್ತಿತ್ತು. ಮರುವರ್ಷ ರಾಬರ್ಟ್ ಆಡ್ಲರ್ ನೀಡಿದ ಪರಿಹಾರ ಧ್ವನಿಯನ್ನು ಅವಲಂಬಿಸಿತ್ತು. ಗುಂಡಿ ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಅಲ್ಯುಮಿನಿಯಂ ಸರಳಿಗೆ ಬಡಿದು, ಮನುಷ್ಯರ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನಾಂಕದ, ಅಂದರೆ ಶ್ರವಣಾತೀತ ಧ್ವನಿಯನ್ನು ಹೊರಡಿಸುತ್ತಿತ್ತು. ನಾಲ್ಕು ಸರಳುಗಳ ಉದ್ದದಲ್ಲಿ ಕೊಂಚ ವ್ಯತ್ಯಾಸವಿದ್ದುದರಿಂದ ನಾಲ್ಕು ಬೇರೆ ಬೇರೆ ಆಜ್ಞೆಗಳು ಸಾಧ್ಯವಾದವು; ಬ್ಯಾಟರಿಯ ಅಗತ್ಯವೇ ಬೀಳಲಿಲ್ಲ. ಆದರೂ ಆಜ್ಞೆ ಒಂದೇ ದಿಕ್ಕಿನಲ್ಲಿ ಸಾಗುತ್ತಿತ್ತು. ಫಲವನ್ನು ನೋಡಿ ತಿಳಿಯುವ ಹೊಣೆ ಎದುರಿಗೆ ಕುಳಿತ ಮನುಷ್ಯನದೇ ಆಗಿತ್ತು.

ಗೃಹ ಸ್ವಯಂಚಾಲನೆಯ ಮೊದಲ ಜನಪ್ರಿಯ ವ್ಯವಸ್ಥೆ ಹುಟ್ಟಿದ್ದೂ ಧ್ವನಿ ಉಪಕರಣದ ನೆರಳಿನಲ್ಲೇ ಎಂಬುದು ಗಮನಾರ್ಹ. ಸ್ಕಾಟ್ಲೆಂಡಿನ ಗ್ಲೆನ್‌ರಾಥೆಸ್ ಪಟ್ಟಣದ ಪಿಕೊ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ದೂರದಿಂದ ನಡೆಸಬಲ್ಲ ಗ್ರಾಮಫೋನ್ ತಟ್ಟೆಯ ಯಂತ್ರಕ್ಕಾಗಿ ದುಡಿದ ಬಳಿಕ, ಅದೇ ಆಲೋಚನೆಯನ್ನು ಇಡೀ ಮನೆಗೆ ವಿಸ್ತರಿಸಿ 1975ರಲ್ಲಿ ‘ಎಕ್ಸ್10’ ಎಂಬ ಪದ್ಧತಿಯನ್ನು ರೂಪಿಸಿತು. ಮನೆಯ ವಿದ್ಯುತ್ ತಂತಿಗಳಲ್ಲೇ 120 ಕಿಲೊಹರ್ಟ್ಸ್ ಕಂಪನಾಂಕದ ಸಂಕೇತಗಳನ್ನು ಹರಿಸಿ, 256 ವಿಳಾಸಗಳವರೆಗೆ ಉಪಕರಣಗಳನ್ನು ಗುರುತಿಸುವುದು ಇದರ ವೈಶಿಷ್ಟ್ಯ. ಇದು ಟಿ.ವಿ.ಯ ಪ್ಲಗ್ಗಿಗೆ ವಿದ್ಯುತ್ತನ್ನು ಕೊಡಬಲ್ಲದಾಗಿತ್ತು, ಕಡಿಯಬಲ್ಲದಾಗಿತ್ತು. ಚಾನೆಲ್ ಬದಲಿಸಲು ಮಾತ್ರ ಇದರಿಂದ ಆಗುತ್ತಿರಲಿಲ್ಲ.

1980ರ ದಶಕದಲ್ಲಿ ಶ್ರವಣಾತೀತ ಧ್ವನಿಯ ಜಾಗವನ್ನು ಅವಕೆಂಪು ಕಿರಣಗಳು ಆಕ್ರಮಿಸಿದವು. ರಿಮೋಟಿನ ಮುಂತುದಿಯನ್ನು ಮೊಬೈಲ್ ಫೋನಿನ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿದರೆ, ಬರಿಗಣ್ಣಿಗೆ ಕಾಣದ ಈ ಬೆಳಕು ಅನೇಕ ಫೋನುಗಳ ಪರದೆಯಲ್ಲಿ ನಸುನೇರಳೆಯಾಗಿ ಮಿನುಗುತ್ತದೆ. ಆ ಮಿನುಗು ಸೆಕೆಂಡಿಗೆ ಸುಮಾರು 38,000 ಸಲ ಹೊತ್ತಿ ಆರುವ ಬೆಳಕಿನ ತುಣುಕುಗಳಿಂದಾದದ್ದು. ಸೂರ್ಯನ ಅಥವಾ ದೀಪದ ಬೆಳಕಿನಿಂದ ಆಜ್ಞೆಯನ್ನು ಬೇರ್ಪಡಿಸಿ ಗುರುತಿಸಲು ಈ ಏರ್ಪಾಡು. ಬಹುವಾಗಿ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ 9 ಮಿಲಿಸೆಕೆಂಡಿನ ಮುನ್ಸೂಚನೆಯ ಹಿಂದೆಯೇ 32 ಬಿಟ್‌ಗಳು ಬರುತ್ತವೆ. ಮೂಲ ಪದ್ಧತಿಯಲ್ಲಿ ಅವುಗಳ ಅರ್ಧಭಾಗವು ಉಳಿದರ್ಧದ ತಿರುವು ರೂಪವೇ ಆಗಿದ್ದು, ಕೇಳಿದ್ದು ಸರಿಯೇ ಎಂದು ಟಿ.ವಿ. ತಾಳೆ ನೋಡಿಕೊಳ್ಳಲು ನೆರವಾಗುತ್ತದೆ. ಮರುಮಾತು ಬಾರದ ದಾರಿಯಲ್ಲಿ ಇಷ್ಟು ಎಚ್ಚರಿಕೆ ಅನಿವಾರ್ಯವಾಗಿತ್ತು.

ಒಂದೊಂದು ಕಂಪನಿಯೂ ತನ್ನದೇ ಸಂಕೇತಗಳನ್ನು ಬಳಸಿದ್ದರಿಂದ ಮನೆಗಳಲ್ಲಿ ರಿಮೋಟುಗಳ ರಾಶಿ ಬೆಳೆಯಿತು. ಬೇರೆ ರಿಮೋಟುಗಳ ಸಂಕೇತಗಳನ್ನು ಕಲಿತು ಮರುನುಡಿಯುವ ರಿಮೋಟುಗಳು 1985ರ ಹೊತ್ತಿಗೆ ಕಾಣಿಸಿಕೊಂಡವು. ಆ್ಯಪಲ್ ಸಂಸ್ಥಾಪಕರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಅವರೂ 1987ರಲ್ಲಿ ‘ಕೋರ್’ ಎಂಬ ಅಂಥದೊಂದು ಸಾಧನವನ್ನು ತಂದರು. ಆದರೆ ತೊಡಕು ಸಂಕೇತಗಳ ಸಂಖ್ಯೆಯಲ್ಲಿ ಇರಲಿಲ್ಲ, ಒಂದು ಗುಂಡಿಯಲ್ಲಿತ್ತು. ಹೆಚ್ಚಿನ ಟಿ.ವಿ.ಗಳಲ್ಲಿ ಆನ್ ಮಾಡುವುದೂ ಆಫ್ ಮಾಡುವುದೂ ಒಂದೇ ಸಂಕೇತ. ಆಗಲೇ ಆನ್ ಆಗಿರುವ ಟಿ.ವಿ.ಗೆ ವ್ಯವಸ್ಥೆಯು ‘ಆನ್ ಆಗು’ ಎಂಬ ಉದ್ದೇಶದಿಂದ ಆ ಸಂಕೇತ ಕಳಿಸಿದರೆ ಅದು ಆಫ್ ಆಗಿಬಿಡುತ್ತದೆ. 2004ರಲ್ಲಿ ಲಾಜಿಟೆಕ್ ಕಂಪನಿಯ ಕೈಸೇರಿದ ‘ಹಾರ್ಮನಿ’ ರಿಮೋಟುಗಳು ಯಾವ ಉಪಕರಣ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಾವೇ ನೆನಪಿಟ್ಟುಕೊಂಡು, ಲೆಕ್ಕ ತಪ್ಪಿದಾಗ ‘ಟಿ.ವಿ. ಆನ್ ಆಗಿದೆಯೇ?’ ಎಂದು ಮನೆಯವರನ್ನೇ ಕೇಳುತ್ತಿದ್ದವು. ಅದು ಜಾಣತನದ ಊಹೆ, ಅರಿವಲ್ಲ. 2021ರಲ್ಲಿ ಇವುಗಳ ತಯಾರಿಕೆ ನಿಂತಿತು.

ಉತ್ತರ ದೊರೆತದ್ದು ಕೇಬಲ್ಲಿನೊಳಗಿಂದ. ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೇ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನ ಮೊದಲ ಆವೃತ್ತಿ 2002ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದರ 13ನೆಯ ಪಿನ್ನನ್ನು ಉಪಕರಣಗಳ ಪರಸ್ಪರ ಮಾತುಕತೆಗಾಗಿ ಮೀಸಲಿಡಲಾಗಿದ್ದು, ಈ ಮಾತುಕತೆಯ ನಿಯಮಾವಳಿಗೆ ಸಿಇಸಿ ಎಂದು ಹೆಸರು. ಸೆಕೆಂಡಿಗೆ ಸುಮಾರು 400 ಬಿಟ್‌ಗಳಷ್ಟೇ ಸಾಗುವ ಈ ನಿಧಾನದ ದಾರಿಯಲ್ಲಿ ‘ನೀನು ಎಚ್ಚರವಾಗಿರುವೆಯಾ?’ ಎಂಬ ಪ್ರಶ್ನೆಯನ್ನೂ ಕೇಳಬಹುದು, ಅದಕ್ಕೆ ಉತ್ತರವನ್ನೂ ಪಡೆಯಬಹುದು. ಆದರೆ ಸ್ಯಾಮ್‌ಸಂಗ್ ಇದನ್ನು ‘ಎನಿನೆಟ್ ಪ್ಲಸ್’ ಎಂದೂ ಎಲ್‌ಜಿ ‘ಸಿಂಪ್‌ಲಿಂಕ್’ ಎಂದೂ ಸೋನಿ ‘ಬ್ರೇವಿಯಾ ಸಿಂಕ್’ ಎಂದೂ ಕರೆದದ್ದರಿಂದ, ತಮ್ಮ ಟಿ.ವಿ.ಯಲ್ಲಿ ಈ ಸೌಲಭ್ಯವಿದೆ ಎಂಬುದೇ ಹಲವರಿಗೆ ತಿಳಿಯದೆ ಹೋಯಿತು.

ಟಿ.ವಿ.ಗಳು ವೈಫೈ ಜಾಲ ಸೇರಿದ ಮೇಲೆ ಈ ಮಾತುಕತೆ ಸರಾಗವಾಯಿತು. 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶವು ಇಂಥ ಟಿ.ವಿ., ಸ್ಪೀಕರುಗಳು ಆನ್ ಆಗಿವೆಯೇ, ಶಬ್ದ ಎಷ್ಟಿದೆ, ಏನು ನುಡಿಯುತ್ತಿದೆ ಎಂಬುದನ್ನು ಕೇಳಿ ತಿಳಿದು, ಚಿತ್ರ ಶುರುವಾದೊಡನೆ ದೀಪ ಮಂದವಾಗುವಂತೆ ಮಾಡಬಲ್ಲದು. ಆದರೆ ನಮ್ಮ ಮನೆಗಳ ಸೆಟ್ ಟಾಪ್ ಬಾಕ್ಸುಗಳಲ್ಲಿ ಹೆಚ್ಚಿನವು ಇಂದಿಗೂ ಅವಕೆಂಪು ಕಿರಣವನ್ನಷ್ಟೇ ಬಲ್ಲವು. ಇವುಗಳನ್ನು ವ್ಯವಸ್ಥೆಗೆ ತರಲು ವೈಫೈಯಿಂದ ಆಜ್ಞೆ ಪಡೆದು ಅವಕೆಂಪು ಸಂಕೇತ ಬೀರುವ ಪುಟ್ಟ ಪೆಟ್ಟಿಗೆಯೊಂದು ಬೇಕು. ಟಿ.ವಿ.ಯೂ ಹಳೆಯದಾಗಿದ್ದರೆ ಅದರ ಸ್ಥಿತಿಯನ್ನು ತಿಳಿಯಲು, ಬಳಕೆಯಾಗುವ ವಿದ್ಯುತ್ತನ್ನು ಅಳೆಯುವ ಸ್ಮಾರ್ಟ್ ಪ್ಲಗ್ ನೆರವಾಗುತ್ತದೆ. ಅಳತೆ ಹತ್ತಾರು ವ್ಯಾಟಿಗೇರಿದರೆ ಟಿ.ವಿ. ಎಚ್ಚರವಾಗಿದೆ, ಸೊನ್ನೆಯ ಹತ್ತಿರಕ್ಕಿಳಿದರೆ ಮಲಗಿದೆ. ಮಾತಾಡಲಾರದ ಉಪಕರಣದ ನಾಡಿ ಹಿಡಿದು ನೋಡುವ ಕ್ರಮವಿದು.

ಈ ಸೌಕರ್ಯವನ್ನು ಸೋಮಾರಿತನದ ಸಲಕರಣೆಯೆಂದು ತಳ್ಳಿಹಾಕುವುದು ಸರಿಯಲ್ಲ. ಮೂರು ರಿಮೋಟುಗಳ ಸಣ್ಣ ಅಕ್ಷರಗಳು ಕಾಣದ ಹಿರಿಯರಿಗೆ, ಗುಂಡಿ ಒತ್ತಲು ಬೆರಳುಗಳಲ್ಲಿ ಬಲವಿಲ್ಲದವರಿಗೆ, ಹಾಸಿಗೆಯಿಂದ ಏಳಲಾಗದವರಿಗೆ, ಯಾರ ಹಂಗೂ ಇಲ್ಲದೆ ತಮಗೆ ಬೇಕಾದ ಹಾಡನ್ನು ಕೇಳುವ ಸ್ವಾತಂತ್ರ್ಯವನ್ನು ಇದು ಕೊಡುತ್ತದೆ. ಆದ್ದರಿಂದ ಹೊಸ ಟಿ.ವಿ.ಯನ್ನೋ ಸ್ಪೀಕರನ್ನೋ ಕೊಳ್ಳುವವರು ಪರದೆಯ ಅಳತೆಯನ್ನೂ ಬೆಲೆಯನ್ನೂ ವಿಚಾರಿಸುವಾಗ ಇನ್ನೆರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು: ಇದು ತನ್ನ ಸ್ಥಿತಿಯನ್ನು ತಾನೇ ತಿಳಿಸುತ್ತದೆಯೇ? ಇಂಟರ್ನೆಟ್ ಇಲ್ಲದಾಗಲೂ ಮನೆಯೊಳಗಿನ ಆಜ್ಞೆಯನ್ನು ಪಾಲಿಸುತ್ತದೆಯೇ?