ಬಸುರಿಯ ಕೂಲಿ ಯಾರ ಲೆಕ್ಕಕ್ಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಬಸುರಿ ಹೆಂಗಸನ್ನು ಕೆಲಸದಿಂದ ತೆಗೆದುಹಾಕಿದರು ಎಂಬ ಮಾತು ಕೇಳಿಬರುವುದು ಕಡಿಮೆ. ತೆಗೆಯಬೇಕಾದ ಪ್ರಮೇಯವೇ ಬರುವುದಿಲ್ಲ. ಮಾರನೆಯ ದಿನ ಕರೆಯದಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಕೊಬ್ಬರಿ ಬಿಡಿಸುವ ಕೆಲಸವನ್ನೇ ನೋಡಿ: ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿ ಕೆಳಗಿಳಿದ ಮೇಲೆ ಮಟ್ಟೆ ಸುಲಿಯಬೇಕು, ಆಮೇಲೆ ಮಚ್ಚಿನಿಂದ ಹದವರಿತು ತಟ್ಟಿ ಚಿಪ್ಪು ಬಿಡಿಸಬೇಕು. ಏಟು ಸ್ವಲ್ಪ ಜೋರಾದರೆ ಒಳಗಿನ ಉಂಡೆ ಒಡೆಯುತ್ತದೆ, ಒಡಕು ಕೊಬ್ಬರಿಗೆ ಉಂಡೆಯ ಬೆಲೆ ಸಿಗುವುದಿಲ್ಲ. ನೆಲದ ಮೇಲೆ ಕೂತು, ಬೆನ್ನು ಬಗ್ಗಿಸಿ, ಕಣ್ಣು ಕೈ ಎರಡನ್ನೂ ಒಂದೇ ಕಡೆ ಇಟ್ಟು ಮಾಡುವ ಕೆಲಸ ಅದು. ಎಣಿಕೆಯ ಮೇಲೆ ಕೂಲಿ ಕೊಡುವ ಕಡೆ ಹೊಟ್ಟೆ ಮುಂದೆ ಬಂದ ಹಾಗೆಲ್ಲ ಕೂಲಿಯೂ ತಾನಾಗಿಯೇ ಇಳಿಯುತ್ತದೆ. ಕೊನೆಗೊಂದು ದಿನ ‘ಸುಧಾರಿಸಿಕೊಳ್ಳಮ್ಮ, ಹೆರಿಗೆ ಆದಮೇಲೆ ನೋಡೋಣ’ ಎಂಬ ಮಾತು ಬರುತ್ತದೆ. ಅದರಲ್ಲಿ ಕೆಡುಕೇನೂ ಕಾಣುವುದಿಲ್ಲ. ಆದರೆ ದುಡ್ಡು ಹೆಚ್ಚು ಬೇಕಾದ ತಿಂಗಳುಗಳಲ್ಲೇ ಕೈ ಖಾಲಿಯಾಗಿರುತ್ತದೆ. ಈ ನಷ್ಟಕ್ಕೆ ಕಾರಣ ಎರಡು: ಅವಳು ಕೆಲಸದಲ್ಲಿದ್ದಳು ಎಂಬುದಕ್ಕೆ ಯಾವ ಗುರುತೂ ಉಳಿದಿಲ್ಲ, ಬಾಣಂತನದ ಖರ್ಚನ್ನು ಸಮಾಜ ಹಂಚಿಕೊಳ್ಳದೆ ಒಬ್ಬೊಬ್ಬ ಮಾಲೀಕನ ತಲೆಗೆ ಕಟ್ಟಿದೆ.

ಕಾನೂನು ಈ ವಿಷಯದಲ್ಲಿ ಗಟ್ಟಿಯಾಗಿಯೇ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕಾರ್ಖಾನೆಗಳಿಗೂ, ಆಮೇಲಿನ ತಿದ್ದುಪಡಿಯಿಂದ ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ ಮಳಿಗೆಗಳಿಗೂ ಅನ್ವಯವಾಯಿತು. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ ಸಂಬಳ ಸಹಿತ ರಜೆ ಸಿಗಬೇಕು; 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಬಸುರಿಯಾಗಿದ್ದಾಗಲೇ ತೆಗೆದರೂ, ತೆಗೆಯದಿದ್ದರೆ ಅವಳಿಗೆ ಬರಬೇಕಿದ್ದ ಹಣ ಬಂದೇ ತೀರಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹಕ್ಕುಗಳಿವೆ. ‘ನೀನು ಕಾಯಂ ಅಲ್ಲ, ದಿನಗೂಲಿ’ ಎಂಬ ನೆಪವೂ ನಿಲ್ಲುವುದಿಲ್ಲ. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಹೆಂಗಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ, ದಿನಗೂಲಿಯವರಿಗೂ ಈ ಸೌಲಭ್ಯ ಸಲ್ಲಬೇಕೆಂದು ತೀರ್ಪು ಕೊಟ್ಟಿದೆ.

ತೆಂಗಿನ ಸೀಮೆಯ ಕೂಲಿಯ ಹೆಣ್ಣಿಗೆ ತೊಡಕಾಗುವುದು ಆ 80 ದಿನದ ಲೆಕ್ಕ. ಯಾವ ಮಾಲೀಕನಿಂದ ಹಣ ಕೇಳುತ್ತಾಳೋ ಅವನ ಬಳಿಯೇ ಅಷ್ಟೂ ದಿನ ದುಡಿದಿರಬೇಕು ಎನ್ನುತ್ತದೆ ಕಾನೂನು. ಒಂದು ತಿಂಗಳು ಒಬ್ಬರ ಗೋದಾಮು, ಇನ್ನೊಂದು ತಿಂಗಳು ಮತ್ತೊಬ್ಬರ ತೋಟದ ಮನೆ, ನಡುವೆ ನಾರಿನ ಫ್ಯಾಕ್ಟರಿಯಲ್ಲಿ ನಾರು ಹರಡುವ ಕೆಲಸ ಎಂದು ತಿರುಗುವವಳು ವರ್ಷಕ್ಕೆ ಇನ್ನೂರು ದಿನ ದುಡಿದರೂ ಯಾರೊಬ್ಬರ ಲೆಕ್ಕದಲ್ಲೂ ಎಂಬತ್ತು ತುಂಬದೆ ಹೋಗಬಹುದು. ಇಎಸ್‌ಐ ಎಂಬ ಕಾರ್ಮಿಕರ ರಾಜ್ಯ ವಿಮಾ ವ್ಯವಸ್ಥೆ ಇದಕ್ಕಿಂತ ಮೇಲು. ಅಲ್ಲಿ ವಂತಿಗೆ ಕಾರ್ಮಿಕಳ ಸ್ವಂತ ವಿಮಾ ಸಂಖ್ಯೆಗೆ ಜಮೆಯಾಗುತ್ತದೆ, ಮಾಲೀಕ ಬದಲಾದರೂ ಸಂಖ್ಯೆ ಬದಲಾಗದು. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಸಂದಿದ್ದರೆ 26 ವಾರದ ಹಣವನ್ನು ವಿಮಾ ನಿಗಮವೇ ಕೊಡುತ್ತದೆ.

ಬಸುರಿಗೆ ಕೆಲಸವೂ ಕೂಲಿಯೂ ಉಳಿಯಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಕಾಳಜಿಯದು: ಮಚ್ಚು ಹಿಡಿಯುವ, ಮೂಟೆ ಎಳೆಯುವ, ನಾರಿನ ಧೂಳು ಕುಡಿಯುವ ಕೆಲಸಕ್ಕೆ ಬಸುರಿಯನ್ನು ಹಚ್ಚುವುದು ಸರಿಯೇ, ಮನೆಯಲ್ಲಿರುವುದೇ ಕ್ಷೇಮವಲ್ಲವೇ? ಭಾರದ ಕೆಲಸ ಬೇಡವೆಂಬ ಮಾತು ನಿಜ. ಅದಕ್ಕಾಗಿಯೇ, ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗಿನಿಂದ ಅವಳು ಕೇಳಿಕೊಂಡರೆ ಶ್ರಮದ, ಬಹಳ ಹೊತ್ತು ನಿಂತು ಮಾಡುವ ಕೆಲಸ ಕೊಡಬಾರದು, ಹಗುರ ಕೆಲಸ ಕೊಟ್ಟೆನೆಂದು ಕೂಲಿ ಕಡಿಯಲೂ ಬಾರದು ಎಂದು 1961ರ ಕಾಯ್ದೆಯೇ ಹೇಳಿದೆ. ಗಾತ್ರ ನೋಡಿ ಕೊಬ್ಬರಿ ವಿಂಗಡಿಸುವುದು, ಚೀಲದ ಲೆಕ್ಕ ಬರೆಯುವುದು ಕೂಡ ಗೋದಾಮಿನ ಕೆಲಸವೇ. ಕೂಲಿ ಕೊಡದೆ ಮನೆಗೆ ಕಳಿಸಿದರೆ ವಿಶ್ರಾಂತಿ ಸಿಕ್ಕೀತು, ಆದರೆ ತಟ್ಟೆಯಲ್ಲಿ ಸೊಪ್ಪು, ಮೊಟ್ಟೆ, ಹಾಲು ಕಡಿಮೆಯಾಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಗರ್ಭಿಣಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ ಇದೆ. ಕೂಲಿ ಹೋದರೆ ಮೊದಲು ಬರಿದಾಗುವುದು ಇಂಥ ಮನೆಗಳ ಅಡುಗೆಕೋಣೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹನ್ನೆರಡು ಜನರನ್ನಿಟ್ಟುಕೊಂಡ ಸಣ್ಣ ವರ್ತಕ ಆರು ತಿಂಗಳ ಸಂಬಳವನ್ನು ಎಲ್ಲಿಂದ ತಂದಾನು? ಬಿಗಿ ಮಾಡಿದರೆ ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೇ ಸೇರಿಸಿಕೊಳ್ಳುವುದಿಲ್ಲ ಎಂಬ ಭಯ ಸುಳ್ಳಲ್ಲ. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯನ್ನು ಬೆಂಬಲಿಸಿ ಮಾತನಾಡಿದ ಅಂಬೇಡ್ಕರರಿಗೆ ಈ ಪ್ರಶ್ನೆಯ ಅರಿವಿತ್ತು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಅದರ ಹೊರೆಯ ಹೆಚ್ಚಿನ ಪಾಲು ಸರ್ಕಾರದ್ದಾಗಬೇಕು; ಹೆಣ್ಣಾಳಿನಿಂದ ಲಾಭ ಪಡೆಯುವ ಮಾಲೀಕನೂ ಪಾಲು ಕೊಡಲಿ ಎಂಬುದು ಅವರ ನಿಲುವು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆಯೂ ಮಾಲೀಕನೊಬ್ಬನ ಮೇಲೆ ಈ ಖರ್ಚು ಹೇರಬಾರದೆನ್ನುತ್ತದೆ. ಭಾರತ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿಲ್ಲ. ಇಎಸ್‌ಐಗೆ ಮಾಲೀಕನ ಪಾಲು ಕೂಲಿಯ ಶೇ. 3.25 ಮಾತ್ರ. ಹೆಂಗಸು ಬಸುರಿಯಾದಳೆಂದು ಆ ಪಾಲು ಏರುವುದಿಲ್ಲ, ಹಾಗಾಗಿ ಅವಳನ್ನು ಕೈಬಿಡಲು ಕಾರಣವೂ ಉಳಿಯುವುದಿಲ್ಲ. ಕೊಬ್ಬರಿ ವಹಿವಾಟಿನ ಕೂಲಿಗೂ ಇಂಥದೊಂದು ಸಾಮೂಹಿಕ ನಿಧಿ ಬೇಕು. ಎಪಿಎಂಸಿಯಲ್ಲಿ ಚೀಲ ಚೀಲಕ್ಕೂ ತೂಕ, ದರ, ಶುಲ್ಕದ ಲೆಕ್ಕ ಬರೆಯುವ ಊರಿಗೆ, ಆ ಕೊಬ್ಬರಿ ಬಿಡಿಸಿದ ಕೈಗಳ ಲೆಕ್ಕ ಇಡುವುದು ಆಗದ ಮಾತಲ್ಲ.

ಸರ್ಕಾರ ಈಗಾಗಲೇ ಕೊಡುತ್ತಿದೆಯಲ್ಲ ಎನ್ನುವವರೂ ಇದ್ದಾರೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. 2013ರ ಆಹಾರ ಭದ್ರತಾ ಕಾಯ್ದೆ ಕನಿಷ್ಠ 6,000 ಎಂದಿತ್ತು. ನೆರೆಯ ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ 18,000 ರೂಪಾಯಿಯ ನೆರವು ಕೊಡುತ್ತದೆ. ಗೃಹಲಕ್ಷ್ಮಿಯ 2,000 ಸೇರುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವಳಿಗೆ. ಕೂಡು ಮನೆಯಲ್ಲಿ ಅದು ಸಾಮಾನ್ಯವಾಗಿ ಅತ್ತೆಯ ಖಾತೆ. ಕೂಲಿ ಕಳೆದುಕೊಂಡ ಸೊಸೆ ಅಲ್ಲೂ ಕೈ ಚಾಚಬೇಕು. ಆದರೂ ಈ ಹಣ ಬಿಡಬಾರದು. ತಾಯಿ ಕಾರ್ಡ್ ಮಾಡಿಸಿ ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಮಾತೃವಂದನಾ ಅರ್ಜಿಗೂ, 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಪೌಷ್ಟಿಕ ಆಹಾರಕ್ಕೂ ಅದೇ ದಾರಿ.

ಕಾಯಿ ಪುಡಿ ಫ್ಯಾಕ್ಟರಿಯಲ್ಲೋ ಗಾರ್ಮೆಂಟ್ಸಿನಲ್ಲೋ ಇರುವವರು ಕಾಗದದ ವಿಷಯದಲ್ಲಿ ಎಚ್ಚರ ತಪ್ಪಬಾರದು. ‘ಒಂದು ಸೈನ್ ಹಾಕಿಬಿಡಿ’ ಎಂದು ಕೊಡುವ ಹಾಳೆ ರಾಜೀನಾಮೆ ಪತ್ರವಾಗಿರಬಹುದು. ಸಹಿ ಬಿದ್ದರೆ ತೆಗೆದದ್ದು ಹೋಗಿ ಬಿಟ್ಟದ್ದಾಗುತ್ತದೆ. ಬಸುರಿ ಎಂದು ಗೊತ್ತಾದ ಮೇಲೆ ತಾಯಿ ಕಾರ್ಡಿನ ಪ್ರತಿ ಇಟ್ಟು ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಸ್ಪೀಡ್ ಪೋಸ್ಟಿನ ರಸೀದಿ ಜೋಪಾನ ಮಾಡಬೇಕು. ಹಾಜರಿ ಚೀಟಿ, ಬಟವಾಡೆ ಜಮೆಯಾದ ಪಾಸ್‌ಬುಕ್, ಮೇಸ್ತ್ರಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಸಾಕ್ಷಿಯೇ. ದಿನಗೂಲಿಯವರು ತಾರೀಖು, ಗೋದಾಮು, ಎಣಿಕೆ, ಕೂಲಿ ಬರೆದಿಟ್ಟ ಪುಸ್ತಕಕ್ಕೂ ಬೆಲೆಯಿದೆ. ಕೆಲಸದಿಂದ ತೆಗೆದರೆ ಮೇಲ್ಮನವಿಗೆ ಇರುವುದು 60 ದಿನ. ಹೆರಿಗೆ ಮುಗಿಯಲಿ ಎಂದು ಕಾದರೆ ಆ ಗಡುವು ದಾಟಿಹೋಗುತ್ತದೆ. ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡಬಹುದು. ಹೆಣ್ಣೆಂಬ ಒಂದೇ ಕಾರಣಕ್ಕೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಗಂಡನೋ ತವರಿನವರೋ ಜೊತೆಗೆ ಹೋಗಿ ಆ ದೂರು, ಮೇಲ್ಮನವಿ ಬರೆಸುವುದು ಬಯಕೆ ತೀರಿಸುವಷ್ಟೇ ಮುಖ್ಯವಾದ ಕೆಲಸ.