ರಾಳದಲ್ಲಿ ಸಿಕ್ಕಿದ ಕಡಲಜೀವಿ

ಮ್ಯಾನ್ಮಾರ್‌ನ ಕಾಚಿನ್ ಪ್ರಾಂತ್ಯದ ಗಣಿಯಿಂದ ಬಂದ ಅಂಬರ್ ತುಂಡು ಅದು. ಉದ್ದ 33 ಮಿ.ಮೀ., ತೂಕ ಬರೀ 6 ಗ್ರಾಂ. ಒಳಗೊಂದು ಸುರುಳಿ ಚಿಪ್ಪು. ವ್ಯಾಪಾರಿ ಅದನ್ನು ನೆಲದ ಬಸವನಹುಳು ಎಂದೇ ತಿಳಿದಿದ್ದ. ಅವನನ್ನು ತಪ್ಪೆನ್ನುವಂತಿಲ್ಲ. ಅಂಬರ್ ಎಂದರೆ ಕಲ್ಲಾದ ಮರದ ರಾಳ. ಅದರಲ್ಲಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಕಾಡಿನ ಹುಳುಹುಪ್ಪಟೆಯೇ.

ಶಾಂಘೈನ ಸಂಗ್ರಾಹಕರೊಬ್ಬರು ಕೊಂಡ ಆ ತುಂಡು ನಾನ್‌ಜಿಂಗ್‌ನ ಭೂವಿಜ್ಞಾನ ಮತ್ತು ಪ್ರಾಗ್ಜೀವಿವಿಜ್ಞಾನ ಸಂಸ್ಥೆಯ ಬೋ ವಾಂಗ್ ತಂಡದ ಕೈಸೇರಿತು. ಚಿಪ್ಪು ಅಮೋನೈಟಿನದೇ? ಬೊಂಡಾಸ್, ಆಕ್ಟೋಪಸ್‌ಗಳ ನಂಟನಾಗಿ ಕಡಲಲ್ಲಷ್ಟೇ ಬಾಳಿ, ಡೈನೋಸಾರ್‌ಗಳ ಕಾಲಕ್ಕೇ ಅಳಿದ ಜೀವಿ ಅದು. ಗಂಡಕಿ ನದಿಯ ಸಾಲಿಗ್ರಾಮದಲ್ಲಿ ಕಾಣುವ ಚಕ್ರ ಅದರದೇ ಅಚ್ಚು.

ಹೊರನೋಟಕ್ಕೆ ಎರಡೂ ಸುರುಳಿಯೇ, ವ್ಯತ್ಯಾಸವಿರುವುದು ಒಳಗೆ. ಬಸವನಹುಳುವಿನ ಚಿಪ್ಪು ಬಾಯಿಂದ ತುದಿಯವರೆಗೆ ಒಂದೇ ಪೊಳ್ಳು. ಅಮೋನೈಟ್ ಬೆಳೆದಂತೆಲ್ಲ ಮುಂದಕ್ಕೆ ಸರಿದು, ಬೆನ್ನ ಹಿಂದೆ ಗೋಡೆ ಕಟ್ಟಿಕೊಳ್ಳುತ್ತಿತ್ತು; ಹೀಗೆ ಚಿಪ್ಪಿನೊಳಗೆ ಸಾಲು ಕೋಣೆಗಳಾಗುತ್ತಿದ್ದವು. ಆ ಗೋಡೆ ಚಿಪ್ಪಿಗೆ ತಾಗುವ ಅಂಚು ನೆರಿಗೆ ನೆರಿಗೆಯಾಗಿರುತ್ತದೆ; ಜಾತಿ ಗುರುತಿಸಲು ಅದೊಂದು ಮುಖ್ಯ ಆಧಾರ. ತುಂಡನ್ನು ಒಡೆಯದೆ ಎಕ್ಸ್-ರೇ ಸಿ.ಟಿ. ಸ್ಕ್ಯಾನ್ ಮಾಡಿದಾಗ ಕೋಣೆಗಳೂ ಕಂಡವು, ನೆರಿಗೆಗಳೂ ಕಂಡವು. ಅದು ಮರಿ ಅಮೋನೈಟ್. ವರದಿ 2019ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಹಾಗಾದರೆ ಕಡಲಜೀವಿ ಮರದ ರಾಳಕ್ಕೆ ಬಂದದ್ದು ಹೇಗೆ? ಉತ್ತರವೂ ಅದೇ ತುಂಡಿನಲ್ಲಿತ್ತು. ಚಿಪ್ಪಿನ ಬಾಯಿ ಮುರಿದಿತ್ತು, ಮೈಮಾಂಸದ ಸುಳಿವಿರಲಿಲ್ಲ, ಒಳಗೆ ಮರಳು ತುಂಬಿತ್ತು. ಜೊತೆಗೆ ನಾಲ್ಕು ಕಡಲ ಶಂಖದ ಹುಳುಗಳು. ಜೇಡ, ಜಿರಲೆ, ಸಹಸ್ರಪದಿ, ಕಣಜ ಸೇರಿ ಒಟ್ಟು ಕನಿಷ್ಠ 40 ಜೀವಿಗಳು. ದಡದಂಚಿನ ಮರದಿಂದ ಇಳಿದ ರಾಳ ಮೊದಲು ತೊಗಟೆಯ ಹುಳುಗಳನ್ನು ಬಾಚಿಕೊಂಡು, ಆಮೇಲೆ ಮರಳಲ್ಲಿ ಬಿದ್ದಿದ್ದ ಸತ್ತ ಚಿಪ್ಪುಗಳನ್ನು ಮುಚ್ಚಿರಬೇಕು ಎಂಬುದು ತಂಡದ ಊಹೆ.

ಗುರುತು ಸಿಕ್ಕಿದ್ದರಿಂದ ಕಾಲದ ಲೆಕ್ಕವೂ ತಾಳೆಯಾಯಿತು. ಜ್ವಾಲಾಮುಖಿ ಬೂದಿಯ ಹರಳುಗಳಿಂದ ಈ ಅಂಬರಿಗೆ ಸುಮಾರು 9.9 ಕೋಟಿ ವರ್ಷ ಎಂದು ಮೊದಲೇ ಗೊತ್ತಾಗಿತ್ತು. ಈ ಬಗೆಯ ಅಮೋನೈಟ್ ಬಾಳಿದ್ದೂ ಆ ಸುಮಾರಿಗೇ.

ಆ ಬಗೆಯ ಹೆಸರು ಭೀಮೈಟಿಸ್. 1860ರ ದಶಕದಲ್ಲಿ ದಕ್ಷಿಣ ಭಾರತದ ಬಂಡೆಗಳ ಅಮೋನೈಟ್‌ಗಳನ್ನು ವಿವರಿಸುತ್ತ ಫರ್ಡಿನೆಂಡ್ ಸ್ಟೊಲಿಚ್ಕ ಒಂದಕ್ಕೆ ‘ಭೀಮ’ ಎಂದು ಹೆಸರಿಟ್ಟಿದ್ದರು. ಅದರಿಂದ ಬಂದದ್ದು ಇದು. ರಾಳದೊಳಗಿನ ನಮ್ಮ ಭೀಮನ ಅಗಲ ಸುಮಾರು 12 ಮಿ.ಮೀ.